ಮಹಡಿಗಿಂತ ಮೊದಲು ಬಚ್ಚಲು

ನಮ್ಮ ಪೇಟೆಯ ವೃದ್ಧಾಶ್ರಮಕ್ಕೆ ಇನ್ನೊಂದು ಮಹಡಿ ಕಟ್ಟಿಸಲು ಸಂಘದ ಧರ್ಮಾರ್ಥ ನಿಧಿಯಿಂದ ಹಣ ಕೊಡಬೇಕೆಂಬ ಸಲಹೆ ಬಂದಿದೆ. ಉದ್ದೇಶ ಒಳ್ಳೆಯದೇ. ಮಕ್ಕಳು ಬೆಂಗಳೂರು ಸೇರಿ, ಎಷ್ಟೋ ತೋಟದ ಮನೆಗಳಲ್ಲಿ ಮುದುಕ ಮುದುಕಿ ಇಬ್ಬರೇ ಉಳಿದಿದ್ದಾರೆ. ನಾಳೆ ಅಲ್ಲಿ ಕೋಣೆ ಕೇಳುವವರು ನಾವೇ.

ಆದರೆ ಹೋಗಿ ನೋಡಿದಾಗ ಕಂಡದ್ದು ಬೇರೆ. ಬಚ್ಚಲಿಗೆ ಎರಡು ಮೆಟ್ಟಿಲು ಇಳಿಯಬೇಕು, ಹಿಡಿದುಕೊಳ್ಳಲು ಒಂದು ಕಂಬಿಯಿಲ್ಲ, ನೆಲವೆಲ್ಲ ಪಾಚಿ. ಮಳೆಗಾಲದಲ್ಲಿ ಅಂಗಳ ಜಾರುತ್ತದೆಂದು ನಾವು ಅಡಿಕೆ ದಬ್ಬೆ ಹಾಸುತ್ತೇವೆ. ಎಂಬತ್ತರ ಹಿರಿಯರಿಗೆ ಅಷ್ಟಾದರೂ ಬೇಡವೇ? ಆ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮೊದಲಿನಂತೆ ಓಡಾಡುವವರು ಕಡಿಮೆ.

ಆದ್ದರಿಂದ ಮೊದಲು ಬಚ್ಚಲು, ಪಾಯಖಾನೆ ಸರಿಯಾಗಲಿ. ಗಾಲಿಕುರ್ಚಿ ಸಲೀಸಾಗಿ ಹೋಗಲು ಬಾಗಿಲು 90 ಸೆಂಟಿಮೀಟರ್ ಅಗಲವಿರಲಿ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದಂತೆ ಇಳಿಜಾರು ಹಾದಿ ಮಾಡಲಿ. ಕೋಣೆಗಳನ್ನು ಹಿಂದಿನ ಹಿತ್ತಿಲಲ್ಲಿ, ನೆಲಮಟ್ಟದಲ್ಲೇ ಹೆಚ್ಚಿಸಲಿ. ಲಿಫ್ಟ್ ಹಾಕಿಸೋಣವೆನ್ನುವವರು ಆಷಾಢದಲ್ಲಿ ನಮ್ಮಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆಂದು ನೆನೆದು ಮಾತಾಡಲಿ.

ಸರ್ಕಾರ ಕಟ್ಟಲೆಂದು ಕಾಯೋಣವೆಂಬ ಮಾತೂ ಇದೆ. ತಂದೆತಾಯಿ ಹಾಗೂ ಹಿರಿಯ ನಾಗರಿಕರ ಪೋಷಣೆಯ 2007ರ ಕಾಯಿದೆ, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಆಶ್ರಮ ಸ್ಥಾಪಿಸಬಹುದು ಎನ್ನುತ್ತದೆ. ಆ ‘ಬಹುದು’ ನಂಬಿ ಕೂರುವಂತಿಲ್ಲ.

ಸಂಘ ಹಣ ಕೊಡಲಿ; ಬಚ್ಚಲ ಕೆಲಸ ಮುಗಿದ ಮೇಲೆಯೇ ಎರಡನೆಯ ಕಂತು ಎಂಬ ಕರಾರಿರಲಿ. ಕಾಫಿ ಕೊಯ್ಲು ಮುಗಿದೊಡನೆ ಕೆಲಸ ಹಿಡಿದರೆ ಮುಂಗಾರಿಗೆ ಮುಂಚೆ ಮುಗಿದೀತು. ವಿಷಯವನ್ನು ಮಹಾಸಭೆಯ ಮುಂದಿಡುತ್ತೇವೆ. ಸದಸ್ಯರು ತಪ್ಪದೆ ಬರಬೇಕು.