ಐವತ್ತೈದು ದಾಟಿದ ಆಟಗಾರರಿಗೆ ಕ್ರಿಯೇಟಿನ್ ಪುಡಿಯಿಂದ ಲಾಭವಿದೆಯೇ?

ಜಿಮ್‌ಗೆ ಹೋಗುವ ಹುಡುಗರ ಬ್ಯಾಗಿನಲ್ಲಿ ಮಾತ್ರ ಕಾಣುತ್ತಿದ್ದ ಕ್ರಿಯೇಟಿನ್ ಡಬ್ಬ ಈಗ ಅವರ ಅಪ್ಪ ಅಮ್ಮಂದಿರ ಕೈಗೂ ಬಂದಿದೆ. ನಿವೃತ್ತಿಯ ನಂತರ ಬ್ಯಾಡ್ಮಿಂಟನ್ ರ‍್ಯಾಕೆಟ್ ಹಿಡಿದವರು, ಅರವತ್ತರಲ್ಲಿ ಹತ್ತು ಕಿಲೋಮೀಟರ್ ಓಟಕ್ಕೆ ತಯಾರಾಗುವವರು, ಮಂಡಿನೋವು ಬಂದ ಮೇಲೆ ತೂಕ ಎತ್ತುವುದನ್ನು ಕಲಿತವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಇದನ್ನು ತೆಗೆದುಕೊಂಡರೆ ಕುಗ್ಗುತ್ತಿರುವ ಶಕ್ತಿ ಮರಳಿ ಬರುತ್ತದೆಯೇ? ಅದರ ಬೆನ್ನಿಗೇ ಇನ್ನೊಂದು: ಕಿಡ್ನಿ ಹಾಳಾಗುವುದಿಲ್ಲವೇ?

ಜಾಹೀರಾತುಗಳನ್ನು ನಂಬಿದರೆ ಕ್ರಿಯೇಟಿನ್ ಸ್ನಾಯು, ಮೂಳೆ, ಮಿದುಳು ಎಲ್ಲವನ್ನೂ ಕಾಯುತ್ತದೆ. ವಾಟ್ಸ್‌ಆ್ಯಪ್ ಸಂದೇಶಗಳನ್ನು ನಂಬಿದರೆ ಅದು ಒಂದು ಬಗೆಯ ಸ್ಟೀರಾಯ್ಡ್, ಕಿಡ್ನಿಯನ್ನು ತಿಂದುಹಾಕುತ್ತದೆ, ತಲೆ ಬೋಳಾಗಿಸುತ್ತದೆ. ಎರಡೂ ಅತಿಯಾದ ಮಾತುಗಳು. ಚಿಕ್ಕದಾಗಿ ಹೇಳುವುದಾದರೆ, ವಾರಕ್ಕೆ ಎರಡು ಮೂರು ದಿನ ತೂಕದ ವ್ಯಾಯಾಮ ಮಾಡುವ ಹಿರಿಯರಿಗೆ ಇದರಿಂದ ಸಣ್ಣ ಆದರೆ ನಿಜವಾದ ಲಾಭವಿದೆ. ವ್ಯಾಯಾಮ ಮಾಡದೆ ಪುಡಿಯನ್ನಷ್ಟೇ ನುಂಗುವವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಕಿಡ್ನಿಯ ವಿಚಾರದಲ್ಲಿ ಮಾತ್ರ ತುಸು ವಿವರವಾಗಿ ಮಾತಾಡಬೇಕು. ಅಲ್ಲಿ ರಕ್ತಪರೀಕ್ಷೆಯ ವರದಿಯೇ ನಮ್ಮನ್ನು ದಾರಿ ತಪ್ಪಿಸಬಹುದು.

ಕ್ರಿಯೇಟಿನ್ ಎಂದರೇನು?

ಕ್ರಿಯೇಟಿನ್ ಸ್ಟೀರಾಯ್ಡ್ ಅಲ್ಲ, ಹಾರ್ಮೋನೂ ಅಲ್ಲ. ನಮ್ಮ ಕಿಡ್ನಿ ಮತ್ತು ಯಕೃತ್ತು ಸೇರಿ ಮೂರು ಅಮೈನೋ ಆಮ್ಲಗಳಿಂದ ದಿನವೂ ತಯಾರಿಸುವ ವಸ್ತು ಅದು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಶೆಲ್ ಷೆವ್ರಲ್ 1832ರಲ್ಲಿ ಇದನ್ನು ಮಾಂಸದಲ್ಲಿ ಗುರುತಿಸಿ, ಗ್ರೀಕ್ ಭಾಷೆಯಲ್ಲಿ ಮಾಂಸಕ್ಕಿರುವ ಪದದಿಂದಲೇ ಹೆಸರು ಕೊಟ್ಟ. ಸುಮಾರು 70 ಕಿಲೋ ತೂಗುವ ವ್ಯಕ್ತಿಯ ದೇಹದಲ್ಲಿ 120 ಗ್ರಾಂನಷ್ಟು ಕ್ರಿಯೇಟಿನ್ ಇರುತ್ತದೆ. ಅದರಲ್ಲಿ ಶೇ. 95ರಷ್ಟು ಸ್ನಾಯುಗಳಲ್ಲೇ ಇದೆ.

ಇದರ ಕೆಲಸವೇನು? ಸ್ನಾಯು ಕುಗ್ಗಲು ಎಟಿಪಿ ಎಂಬ ಇಂಧನ ಬೇಕು. ಮೆಟ್ಟಿಲ ಮೇಲೆ ಸರ‍್ರನೆ ಓಡುವಾಗ, ಅಕ್ಕಿ ಮೂಟೆ ಎತ್ತುವಾಗ, ಬ್ಯಾಡ್ಮಿಂಟನ್‌ನಲ್ಲಿ ಸ್ಮ್ಯಾಷ್ ಹೊಡೆಯುವಾಗ ಈ ಇಂಧನ ಕೆಲವೇ ಸೆಕೆಂಡುಗಳಲ್ಲಿ ಖರ್ಚಾಗುತ್ತದೆ. ಸ್ನಾಯುವಿನಲ್ಲಿ ಫಾಸ್ಫೇಟ್ ಜೊತೆ ಸೇರಿ ಕಾದು ಕುಳಿತ ಕ್ರಿಯೇಟಿನ್, ಆ ಫಾಸ್ಫೇಟನ್ನು ಬಿಟ್ಟುಕೊಟ್ಟು ಖರ್ಚಾದ ಇಂಧನವನ್ನು ತಕ್ಷಣ ಮತ್ತೆ ಕಟ್ಟಿಕೊಡುತ್ತದೆ. ಈ ವ್ಯವಸ್ಥೆ ಸುಮಾರು ಹತ್ತು ಸೆಕೆಂಡಿನ ಜೋರು ಕೆಲಸಕ್ಕೆ ಸಾಕು. ಆಮೇಲೆ ಬೇರೆ ದಾರಿಗಳಿಂದ ಶಕ್ತಿ ಬರುತ್ತದೆ. ಪುಡಿಯ ರೂಪದಲ್ಲಿ ಕ್ರಿಯೇಟಿನ್ ತೆಗೆದುಕೊಂಡಾಗ ಈ ತಕ್ಷಣದ ದಾಸ್ತಾನು ಹೆಚ್ಚುತ್ತದೆ ಎಂಬುದು 1992ರಲ್ಲಿ ಪ್ರಕಟವಾದ ಪ್ರಯೋಗದಿಂದ ಖಚಿತವಾಯಿತು. ಹತ್ತು ಸಲ ಎತ್ತಬಲ್ಲ ತೂಕವನ್ನು ಹನ್ನೊಂದು ಸಲ ಎತ್ತಲು ಆಗುತ್ತದೆ ಎಂದಿಟ್ಟುಕೊಳ್ಳಿ. ತಿಂಗಳುಗಟ್ಟಲೆ ಹಾಗೆ ಹೆಚ್ಚುವರಿ ಕೆಲಸ ಮಾಡಿದಾಗ ಸ್ನಾಯುವಿನ ಬಲವೂ ಹೆಚ್ಚುತ್ತದೆ. ಲಾಭದ ಬಹುಪಾಲು ಬರುವುದು ಈ ದಾರಿಯಿಂದ.

ವಯಸ್ಸಾದಂತೆ ಏನಾಗುತ್ತದೆ?

ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆ ಎಂಬುದು ಸಾಮಾನ್ಯ ಅಂದಾಜು. ಅರವತ್ತರ ನಂತರ ವೇಗ ಇನ್ನೂ ಹೆಚ್ಚು. ಅದರಲ್ಲೂ ಚುರುಕಾಗಿ, ಜೋರಾಗಿ ಕೆಲಸ ಮಾಡುವ ಸ್ನಾಯುತಂತುಗಳು ಮೊದಲು ಸೊರಗುತ್ತವೆ. ಕಾಲು ಎಡವಿದಾಗ ತಟ್ಟನೆ ಸಾವರಿಸಿಕೊಳ್ಳಲು, ನೆಲದಿಂದ ಕೈಯೂರದೆ ಏಳಲು ಬೇಕಾದವು ಇವೇ ತಂತುಗಳು. ಹಾಗಾಗಿ ಇಲ್ಲಿರುವುದು ಆಟದ ಸ್ಕೋರಿನ ವಿಚಾರ ಮಾತ್ರವಲ್ಲ, ಎಂಬತ್ತರಲ್ಲಿ ಯಾರ ನೆರವೂ ಇಲ್ಲದೆ ಸ್ನಾನಕ್ಕೆ ಹೋಗಿಬರುವ ವಿಚಾರವೂ ಹೌದು.

ಸ್ನಾಯುವನ್ನು ಉಳಿಸುವ ಮುಖ್ಯ ಮದ್ದು ಯಾವುದು ಎಂಬ ಬಗ್ಗೆ ಗೊಂದಲವಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿ ವೃದ್ಧಾಶ್ರಮವಾಸಿಗಳಿಗೆ ಎಂಟು ವಾರ ಕಾಲಿನ ತೂಕದ ವ್ಯಾಯಾಮ ಮಾಡಿಸಲಾಯಿತು. 1990ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತ್ತು. ಯಾವ ಪುಡಿಯೂ ಇಂಥ ಫಲಿತಾಂಶ ಕೊಟ್ಟಿಲ್ಲ.

ಅಧ್ಯಯನಗಳು ಏನು ಹೇಳುತ್ತವೆ?

ಹಾಗಾದರೆ ವ್ಯಾಯಾಮದ ಜೊತೆ ಕ್ರಿಯೇಟಿನ್ ಸೇರಿಸಿದರೆ? 2017ರಲ್ಲಿ ಸಂಶೋಧಕರು 22 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ 721 ಜನರಿದ್ದರು, ಸರಾಸರಿ ವಯಸ್ಸು 57ರಿಂದ 70. ಎಲ್ಲರೂ ವಾರಕ್ಕೆ ಎರಡು ಮೂರು ದಿನ ತೂಕದ ವ್ಯಾಯಾಮ ಮಾಡಿದವರೇ. ಅರ್ಧದಷ್ಟು ಜನರಿಗೆ ಕ್ರಿಯೇಟಿನ್, ಉಳಿದವರಿಗೆ ಅದರಂತೆಯೇ ಕಾಣುವ ಬರೀ ಪುಡಿ. ಕ್ರಿಯೇಟಿನ್ ಪಡೆದವರಲ್ಲಿ ಕೊಬ್ಬಿಲ್ಲದ ದೇಹತೂಕ ಸರಾಸರಿ 1.37 ಕಿಲೋ ಹೆಚ್ಚು ಏರಿತ್ತು. ಎದೆ ಮತ್ತು ಕಾಲಿನ ಬಲವೂ ತುಸು ಹೆಚ್ಚಾಗಿತ್ತು.

ಯುರೋಪಿಯನ್ ಒಕ್ಕೂಟ ಆಹಾರದ ಡಬ್ಬಗಳ ಮೇಲೆ ಬರೆಯುವ ಆರೋಗ್ಯದ ಮಾತುಗಳನ್ನು ಬಹಳ ಬಿಗಿಯಾಗಿ ಪರಿಶೀಲಿಸುತ್ತದೆ. 55 ದಾಟಿದವರಲ್ಲಿ ಕ್ರಿಯೇಟಿನ್ ತೂಕದ ವ್ಯಾಯಾಮದ ಫಲವನ್ನು ಹೆಚ್ಚಿಸಬಹುದು ಎಂದು ಬರೆಯಲು 2017ರಲ್ಲಿ ಅದು ಒಪ್ಪಿಗೆ ಕೊಟ್ಟಿತು. ಆದರೆ ಷರತ್ತುಗಳನ್ನು ಗಮನಿಸಿ: ದಿನಕ್ಕೆ ಕನಿಷ್ಠ 3 ಗ್ರಾಂ, ವಾರಕ್ಕೆ ಕನಿಷ್ಠ ಮೂರು ಸಲ ವ್ಯಾಯಾಮ, ಅದೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ತೂಕದ ಶೇ. 65ರಿಂದ 75ರಷ್ಟನ್ನಾದರೂ ಎತ್ತುವ ವ್ಯಾಯಾಮ. ಸಂಜೆಯ ವಾಕಿಂಗ್ ಈ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಎಚ್ಚರಿಕೆಯೂ ಇದೆ. ಕ್ರಿಯೇಟಿನ್ ಸ್ನಾಯುವಿನೊಳಗೆ ನೀರನ್ನು ಸೆಳೆದುಕೊಳ್ಳುತ್ತದೆ. ಅಳೆಯುವ ಯಂತ್ರ ಆ ನೀರನ್ನೂ ಕೊಬ್ಬಿಲ್ಲದ ತೂಕ ಎಂದೇ ತೋರಿಸುತ್ತದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮ ಶುರುವಾಗುವ ಮೊದಲೇ, ಒಂದೇ ವಾರದಲ್ಲಿ ಕ್ರಿಯೇಟಿನ್ ಗುಂಪಿನ ತೂಕ ಸುಮಾರು ಅರ್ಧ ಕಿಲೋ ಏರಿತ್ತು. ನಂತರದ ಹನ್ನೆರಡು ವಾರಗಳ ವ್ಯಾಯಾಮದಲ್ಲಿ ಎರಡೂ ಗುಂಪುಗಳು ಗಳಿಸಿದ್ದು ಸಮಸಮ. ಅದರಲ್ಲಿದ್ದವರು ಕಿರಿಯರು ಮತ್ತು ಮಧ್ಯವಯಸ್ಕರು, ಹಾಗಾಗಿ ಹಿರಿಯರಿಗೆ ಅದನ್ನೇ ಅನ್ವಯಿಸಲಾಗದು. ಆದರೂ ಮೊದಲ ವಾರದಲ್ಲಿ ಏರಿದ ತೂಕವನ್ನು ಕಂಡು ಸ್ನಾಯು ಬೆಳೆಯಿತೆಂದು ಹಿಗ್ಗಬಾರದು ಎಂಬ ಪಾಠ ಎಲ್ಲರಿಗೂ ಸಲ್ಲುತ್ತದೆ. ತೂಕದ ಬದಲು ಬಲವನ್ನು ಅಳೆಯಿರಿ: ಕುರ್ಚಿಯಿಂದ ಕೈಯೂರದೆ ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರಬಲ್ಲಿರಿ ಎಂಬ ಲೆಕ್ಕ ಸಾಕು.

ಮೂಳೆ ಮತ್ತು ಮಿದುಳಿಗೂ ಒಳ್ಳೆಯದೇ?

ಮೂಳೆಯ ವಿಚಾರದಲ್ಲಿ ಮೊದಲಿಗೆ ಭರವಸೆಯಿತ್ತು. ಮುಟ್ಟು ನಿಂತ ಮಹಿಳೆಯರ ಮೇಲೆ ನಡೆದ ಒಂದು ಸಣ್ಣ ಅಧ್ಯಯನ, ಸೊಂಟದ ಬಳಿ ಮೂಳೆ ಸವೆಯುವುದು ಕಡಿಮೆಯಾಗಿದೆ ಎಂದಿತ್ತು. ಅದನ್ನು ಪರೀಕ್ಷಿಸಲು ಕೆನಡಾದಲ್ಲಿ 237 ಮಹಿಳೆಯರನ್ನು ಎರಡು ವರ್ಷ ಗಮನಿಸಲಾಯಿತು. 2023ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೂಳೆಯ ಸಾಂದ್ರತೆಯಲ್ಲಿ ಎರಡೂ ಗುಂಪುಗಳಿಗೆ ವ್ಯತ್ಯಾಸವಿರಲಿಲ್ಲ. ತೊಡೆಮೂಳೆಯ ಆಕಾರದ ಕೆಲವು ಅಳತೆಗಳಲ್ಲಿ ಮತ್ತು ನಡಿಗೆಯ ವೇಗದಲ್ಲಿ ಮಾತ್ರ ಸಣ್ಣ ಲಾಭ ಕಂಡಿತು. ಮೂಳೆ ಸವೆತಕ್ಕೆ ವೈದ್ಯರು ಕೊಟ್ಟ ಔಷಧಿಯ ಜಾಗದಲ್ಲಿ ಕ್ರಿಯೇಟಿನ್ ಇಡುವಂತಿಲ್ಲ.

ಮಿದುಳಿನ ಕಥೆಯೂ ಹೀಗೆಯೇ. ಪಾರ್ಕಿನ್ಸನ್ ಕಾಯಿಲೆಯ ಆರಂಭದ ಹಂತದಲ್ಲಿದ್ದ 1,741 ಜನರಿಗೆ ಅಮೆರಿಕ ಮತ್ತು ಕೆನಡಾದಲ್ಲಿ ದಿನಕ್ಕೆ 10 ಗ್ರಾಂ ಕ್ರಿಯೇಟಿನ್ ಅಥವಾ ಹುಸಿ ಪುಡಿ ಕೊಟ್ಟು ವರ್ಷಗಟ್ಟಲೆ ನೋಡಲಾಯಿತು. ಫಲ ಕಾಣುವ ಲಕ್ಷಣವೇ ಇಲ್ಲವೆಂದು 2013ರಲ್ಲಿ ಆ ಪ್ರಯೋಗವನ್ನು ನಿಲ್ಲಿಸಿದರು. ಆರೋಗ್ಯವಂತ ಹಿರಿಯರ ನೆನಪಿನ ಶಕ್ತಿಯ ಬಗ್ಗೆ ಇರುವುದು ಸಣ್ಣ ಅಧ್ಯಯನಗಳು. ಅವುಗಳನ್ನು ನಂಬಿ ದುಡ್ಡು ಹಾಕುವ ಕಾಲ ಇನ್ನೂ ಬಂದಿಲ್ಲ.

ನಿಮ್ಮ ಆಟ ಯಾವುದು, ಊಟ ಯಾವುದು?

ತೂಕ ಎತ್ತುವವರು, ಬ್ಯಾಡ್ಮಿಂಟನ್, ಟೆನಿಸ್, ಕಬಡ್ಡಿಯಂಥ ಬಿಟ್ಟುಬಿಟ್ಟು ಜೋರು ಹಾಕುವ ಆಟದವರು ಕ್ರಿಯೇಟಿನ್ ಪ್ರಯತ್ನಿಸಿ ನೋಡಬಹುದು. ದೂರದ ಓಟ, ಚಾರಣ, ಸೈಕ್ಲಿಂಗ್ ಮಾಡುವವರಿಗೆ ಹೆಚ್ಚು ಪ್ರಯೋಜನವಿಲ್ಲ. ಒಂದೆರಡು ಕಿಲೋ ನೀರಿನ ತೂಕವನ್ನು ಹೊತ್ತು ಹತ್ತು ಕಿಲೋಮೀಟರ್ ಓಡುವುದು ಮಂಡಿಗೂ ಹಿತವಲ್ಲ. ಓಟಗಾರರು ಬಲಕ್ಕಾಗಿ ಬೇರೆ ದಿನ ತೂಕದ ವ್ಯಾಯಾಮ ಮಾಡುವುದಿದ್ದರೆ ಮಾತು ಬೇರೆ.

ಊಟದಿಂದಲೂ ವ್ಯತ್ಯಾಸ ಬರುತ್ತದೆ. ಒಂದು ಕಿಲೋ ಹಸಿ ಮಾಂಸ ಅಥವಾ ಮೀನಿನಲ್ಲಿ ಸುಮಾರು 3ರಿಂದ 5 ಗ್ರಾಂ ಕ್ರಿಯೇಟಿನ್ ಇರುತ್ತದೆ. ಹಾಲಿನಲ್ಲಿ ಅತ್ಯಲ್ಪ, ರಾಗಿ, ಬೇಳೆ, ಸೊಪ್ಪಿನಲ್ಲಿ ಇಲ್ಲವೇ ಇಲ್ಲವೆನ್ನಬಹುದು. ಸಸ್ಯಾಹಾರಿಗಳ ದೇಹ ತನಗೆ ಬೇಕಾದ್ದನ್ನು ತಾನೇ ತಯಾರಿಸಿಕೊಳ್ಳುತ್ತದೆ, ಹಾಗಾಗಿ ಇದು ಪೋಷಕಾಂಶದ ಕೊರತೆಯೇನಲ್ಲ. ಆದರೆ ಅವರ ಸ್ನಾಯುಗಳಲ್ಲಿ ದಾಸ್ತಾನು ಕಡಿಮೆ ಇರುವುದರಿಂದ ಪುಡಿ ತೆಗೆದುಕೊಂಡಾಗ ಏರಿಕೆ ಹೆಚ್ಚು. ದಿನವೂ ಮೀನು ತಿನ್ನುವ ಕರಾವಳಿಯವರಿಗೆ ಬದಲಾವಣೆ ಗೊತ್ತಾಗದೇ ಇರಬಹುದು.

ಆದರೆ ಪುಡಿಯ ಡಬ್ಬಕ್ಕಿಂತ ಮೊದಲು ತಟ್ಟೆಯನ್ನು ನೋಡಿಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಂತೆ ಪ್ರತಿ ಕಿಲೋ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ ಸುಮಾರು 50 ಗ್ರಾಂ. ವ್ಯಾಯಾಮ ಮಾಡುವ ಹಿರಿಯರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕೆಂದು ಹಲವು ತಜ್ಞರು ಹೇಳುತ್ತಾರೆ. ತೆಳ್ಳನೆಯ ಸಾರು, ಅನ್ನದಲ್ಲಿ ಅಷ್ಟು ಸಿಗುವುದಿಲ್ಲ. ಕಾಳು, ಮೊಸರು, ಮೊಟ್ಟೆ, ಮೀನು, ಕಡಲೆಯಂಥವು ತಟ್ಟೆಗೆ ಬರದೆ ಕ್ರಿಯೇಟಿನ್ ಮಾತ್ರ ಬಂದರೆ ಸ್ನಾಯು ಕಟ್ಟಲು ಸಾಮಗ್ರಿಯೇ ಇರುವುದಿಲ್ಲ.

ಕಿಡ್ನಿ ಹಾಳಾಗುತ್ತದೆಯೇ?

ಈ ಭಯದ ಮೂಲದಲ್ಲಿರುವುದು ಹೆಸರಿನ ಹೋಲಿಕೆ ಮತ್ತು ಒಂದು ರಕ್ತಪರೀಕ್ಷೆ. ದೇಹದಲ್ಲಿರುವ ಕ್ರಿಯೇಟಿನ್‌ನ ಶೇ. 1ರಿಂದ 2ರಷ್ಟು ದಿನವೂ ತಾನಾಗಿಯೇ ಕ್ರಿಯೇಟಿನಿನ್ ಎಂಬ ತ್ಯಾಜ್ಯವಾಗಿ ಬದಲಾಗುತ್ತದೆ. ಕಿಡ್ನಿ ಅದನ್ನು ಸೋಸಿ ಮೂತ್ರದಲ್ಲಿ ಹೊರಹಾಕುತ್ತದೆ. ರಕ್ತದಲ್ಲಿ ಕ್ರಿಯೇಟಿನಿನ್ ಹೆಚ್ಚಿದ್ದರೆ ಕಿಡ್ನಿ ಸರಿಯಾಗಿ ಸೋಸುತ್ತಿಲ್ಲ ಎಂದು ವೈದ್ಯರು ಅಂದಾಜಿಸುತ್ತಾರೆ. ಕ್ರಿಯೇಟಿನ್ ಪುಡಿ ತಿನ್ನುವವರಲ್ಲಿ ಸೋಸುವ ಕೆಲಸ ಸರಿಯಾಗಿದ್ದರೂ ತ್ಯಾಜ್ಯ ತಯಾರಾಗುವ ಪ್ರಮಾಣವೇ ಹೆಚ್ಚು. ಹೀಗಾಗಿ ವರದಿಯಲ್ಲಿ ಅಂಕಿ ತುಸು ಏರಬಹುದು. ಕಿಡ್ನಿ ಆರೋಗ್ಯವಾಗಿರುವವರಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಸೇವನೆಯಿಂದ ಕಿಡ್ನಿಗೆ ಹಾನಿಯಾದದ್ದು ಇದುವರೆಗಿನ ಅಧ್ಯಯನಗಳಲ್ಲಿ ಕಂಡಿಲ್ಲ.

ಹಾಗೆಂದು ನಿರಾಳವಾಗುವಂತಿಲ್ಲ. ನಮ್ಮಲ್ಲಿ ಐವತ್ತೈದು ದಾಟಿದ ಅನೇಕರಿಗೆ ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುತ್ತದೆ. ಇವೆರಡೂ ಕಿಡ್ನಿಯನ್ನು ಸದ್ದಿಲ್ಲದೆ ಕೆಡಿಸುತ್ತವೆ. ಇಂಥವರಲ್ಲಿ ತಪ್ಪು ಎರಡು ಕಡೆಯಿಂದಲೂ ಆಗಬಹುದು. ಪುಡಿಯ ವಿಷಯ ವೈದ್ಯರಿಗೆ ಹೇಳದಿದ್ದರೆ, ಏರಿದ ಕ್ರಿಯೇಟಿನಿನ್ ಕಂಡು ಅವರು ಮೆಟ್‌ಫಾರ್ಮಿನ್‌ನಂಥ ಮಾತ್ರೆಯನ್ನು ವಿನಾಕಾರಣ ಕಡಿಮೆ ಮಾಡಬಹುದು. ಇನ್ನೊಂದು ತಪ್ಪು ಇದಕ್ಕಿಂತ ಅಪಾಯಕಾರಿ: ಏರಿಕೆಯನ್ನೆಲ್ಲ ಪುಡಿಯ ತಲೆಗೆ ಕಟ್ಟಿ, ನಿಜವಾಗಿಯೂ ಕೆಡುತ್ತಿರುವ ಕಿಡ್ನಿಯನ್ನು ಗಮನಿಸದೇ ಇರುವುದು. ಅದಕ್ಕೇ ಪುಡಿ ಶುರುಮಾಡುವ ಮೊದಲೇ ಒಮ್ಮೆ ಕ್ರಿಯೇಟಿನಿನ್ ಮತ್ತು ಮೂತ್ರದ ಆಲ್ಬುಮಿನ್ ಪರೀಕ್ಷೆ ಮಾಡಿಸಿಡಿ. ಮುಂದೆ ಅನುಮಾನ ಬಂದರೆ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆಯಿದೆ. ಅದು ಕ್ರಿಯೇಟಿನ್ ಸೇವನೆಯಿಂದ ಏರುಪೇರಾಗುವುದಿಲ್ಲ. ಕಿಡ್ನಿ ಕಾಯಿಲೆ ಇದೆಯೆಂದು ಈಗಾಗಲೇ ಗೊತ್ತಿರುವವರು, ನೋವಿನ ಮಾತ್ರೆಗಳನ್ನು ಆಗಾಗ ನುಂಗುವವರು ವೈದ್ಯರನ್ನು ಕೇಳದೆ ಈ ಪುಡಿಯನ್ನು ಮುಟ್ಟಬಾರದು.

ಇನ್ನು ಕೂದಲಿನ ಮಾತು. 2009ರಲ್ಲಿ ದಕ್ಷಿಣ ಆಫ್ರಿಕಾದ ಯುವ ರಗ್ಬಿ ಆಟಗಾರರ ಮೇಲೆ ನಡೆದ ಒಂದು ಸಣ್ಣ ಅಧ್ಯಯನದಲ್ಲಿ, ಬೋಳುತಲೆಗೆ ಸಂಬಂಧಿಸಿದ ಒಂದು ಹಾರ್ಮೋನ್ ಹೆಚ್ಚಾಗಿತ್ತು. ಯಾರ ಕೂದಲನ್ನೂ ಅವರು ಎಣಿಸಿರಲಿಲ್ಲ. ಇಡೀ ವದಂತಿ ಅಲ್ಲಿಂದ ಬೆಳೆದದ್ದು.

ತೆಗೆದುಕೊಳ್ಳುವುದಾದರೆ ಹೇಗೆ?

ಸಾದಾ ಕ್ರಿಯೇಟಿನ್ ಮೋನೋಹೈಡ್ರೇಟ್ ಸಾಕು. ಅಧ್ಯಯನಗಳು ಹೆಚ್ಚಾಗಿ ನಡೆದಿರುವುದು ಅದರ ಮೇಲೆಯೇ. ಬೇರೆ ಬೇರೆ ಹೆಸರಿನ ದುಬಾರಿ ರೂಪಗಳು ಅದಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ದಿನಕ್ಕೆ 3ರಿಂದ 5 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ, ಯಾವ ಹೊತ್ತಿನಲ್ಲಾದರೂ ನೀರಿನಲ್ಲಿ ಕಲಸಿ ಕುಡಿಯಬಹುದು. ಮೊದಲ ವಾರ ದಿನಕ್ಕೆ 20 ಗ್ರಾಂ ತಿನ್ನಬೇಕೆಂಬ ಸಲಹೆ ಡಬ್ಬಗಳ ಮೇಲಿರುತ್ತದೆ. ದಿನಕ್ಕೆ 3 ಗ್ರಾಂನಂತೆ ನಾಲ್ಕು ವಾರ ತಿಂದರೂ ಸ್ನಾಯು ಅಷ್ಟೇ ತುಂಬುತ್ತದೆ ಎಂದು 1996ರಲ್ಲೇ ತೋರಿಸಲಾಗಿದೆ. ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಕೆಡಬಹುದು, ಅಷ್ಟೇ. 250 ಗ್ರಾಂನ ಡಬ್ಬ ದಿನಕ್ಕೆ 3 ಗ್ರಾಂ ಲೆಕ್ಕದಲ್ಲಿ 83 ದಿನ ಬರುತ್ತದೆ.

ಕೊಳ್ಳುವಾಗ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ನೋಡಿ. ಹಿರಿಯರ ಕ್ರೀಡಾಕೂಟಗಳಲ್ಲಿ ಸ್ಪರ್ಧಿಸುವವರಿಗೆ ಇನ್ನೊಂದು ಮಾತು: ಕ್ರಿಯೇಟಿನ್ ವಾಡಾದ ನಿಷೇಧಿತ ಪಟ್ಟಿಯಲ್ಲಿಲ್ಲ, ಆದರೆ ಕಳಪೆ ಪುಡಿಯಲ್ಲಿ ನಿಷೇಧಿತ ವಸ್ತು ಬೆರೆತಿರುವ ಅಪಾಯವಿದೆ. ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯಾದ ಉತ್ಪನ್ನವನ್ನೇ ಆರಿಸಿ.

ಈಗಾಗಲೇ ವಾರಕ್ಕೆ ಎರಡು ಮೂರು ದಿನ ತೂಕ ಎತ್ತುತ್ತಿದ್ದೀರಿ, ಪ್ರೋಟೀನ್ ಸಾಕಷ್ಟಿದೆ, ಕಿಡ್ನಿ ಸರಿಯಿದೆ ಎಂದಾದರೆ ಮೂರು ತಿಂಗಳು ಕ್ರಿಯೇಟಿನ್ ತೆಗೆದುಕೊಂಡು, ಎತ್ತುವ ತೂಕದಲ್ಲಿ ವ್ಯತ್ಯಾಸ ಬಂದಿದೆಯೇ ನೋಡಿ. ಬರದಿದ್ದರೆ ನಿಲ್ಲಿಸಿ, ನಷ್ಟವೇನಿಲ್ಲ. ಇನ್ನೂ ತೂಕ ಎತ್ತಲು ಶುರುಮಾಡಿಲ್ಲವೇ? ಡಬ್ಬದ ದುಡ್ಡನ್ನು ಸದ್ಯಕ್ಕೆ ಒಂದು ಜೊತೆ ಡಂಬೆಲ್‌ಗೆ ಅಥವಾ ಒಳ್ಳೆಯ ತರಬೇತುದಾರರಿಗೆ ಕೊಡಿ. ಪುಡಿ ಎಲ್ಲಿಗೂ ಓಡಿಹೋಗುವುದಿಲ್ಲ.