ಸುಳ್ಳು ಸುದ್ದಿಗೆ ಜೈಲು ಸರಿ, ಹೈಸ್ಕೂಲಿನಲ್ಲಿ ಒಂದು ಪೀರಿಯಡ್ ಯಾಕಿಲ್ಲ?

2021ರ ಮೇ 4. ಕೋವಿಡ್ ಎರಡನೇ ಅಲೆಯಲ್ಲಿ ಬೆಂಗಳೂರು ಬೆಡ್‌ಗಾಗಿ ಪರದಾಡುತ್ತಿದ್ದ ದಿನಗಳು. ಜಯನಗರದಲ್ಲಿದ್ದ ಬಿಬಿಎಂಪಿ ದಕ್ಷಿಣ ವಲಯದ ವಾರ್ ರೂಮ್‌ಗೆ ಶಾಸಕರ ಜೊತೆ ಹೋದ ಸಂಸದ ತೇಜಸ್ವಿ ಸೂರ್ಯ, ಬೆಡ್ ಬ್ಲಾಕಿಂಗ್ ಆರೋಪದ ನಡುವೆ 17 ಮುಸ್ಲಿಂ ಸಿಬ್ಬಂದಿಯ ಹೆಸರು ಓದಿದರು. ಅಲ್ಲಿ ಕೆಲಸ ಮಾಡುತ್ತಿದ್ದವರು ಇನ್ನೂರಕ್ಕೂ ಹೆಚ್ಚು ಜನ. ಆ ಪಟ್ಟಿ ‘ಭಯೋತ್ಪಾದಕರು’ ಎಂಬ ಹಣೆಪಟ್ಟಿ ಹೊತ್ತು ವಾಟ್ಸಾಪ್‌ನಲ್ಲಿ ಓಡಾಡಿತು. ಪೊಲೀಸರು ವಿಚಾರಿಸಿ ಬಿಟ್ಟು ಕಳಿಸಿದರು. ಆದರೆ ಆ ಸುದ್ದಿ ಪಟ್ಟಿಯಷ್ಟು ಫಾರ್ವರ್ಡ್ ಆಗಲಿಲ್ಲ.

ಆಗ ಐದನೇ ಕ್ಲಾಸಿನಲ್ಲಿದ್ದ ಮಕ್ಕಳು ಆಮೇಲೆ ಹೈಸ್ಕೂಲಿಗೆ ಬಂದರು. ಆನ್‌ಲೈನ್ ಕ್ಲಾಸಿಗೆಂದು ಅವರ ಕೈಗೆ ಸಿಕ್ಕಿದ್ದ ಮೊಬೈಲಿಗೇ ಈ ಪಟ್ಟಿಯೂ ಬಂದಿತ್ತು. ‘ಇನ್ನೂರು ಜನರಲ್ಲಿ ಈ 17 ಹೆಸರು ಮಾತ್ರ ಯಾಕೆ? ಅವರನ್ನು ಯಾರಾದರೂ ಮಾತಾಡಿಸಿದರಾ?’ ಎಂದು ಕೇಳುವುದನ್ನು ಅವರಿಗೆ ಯಾವ ಕ್ಲಾಸಿನಲ್ಲಿ ಹೇಳಿಕೊಟ್ಟೆವು?

ಸರ್ಕಾರಕ್ಕೆ ಹೊಳೆದ ದಾರಿ ಬೇರೆ. 2025ರ ಜೂನ್‌ನಲ್ಲಿ ಹೊರಬಂದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡಿನಲ್ಲಿ 7 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡವಿತ್ತು. ಯಾವುದು ಸುಳ್ಳು ಅಂತ ಸರ್ಕಾರವೇ ತೀರ್ಮಾನಿಸಿದರೆ ಏನಾಗುತ್ತದೆ ಎಂಬ ಭಯ ಒಂದು ಕಡೆ. ಕಲಿಸದೇ ಶಿಕ್ಷಿಸುವ ಅವಸರ ಇನ್ನೊಂದು ಕಡೆ.

ಪಕ್ಕದ ಕೇರಳ ಮೊದಲು ಕಲಿಸಲು ಹೊರಟಿತು. ಲಸಿಕೆ ಬಗ್ಗೆ ಹಬ್ಬಿದ ವದಂತಿಗಳನ್ನು ಕಂಡ ಕಣ್ಣೂರು ಜಿಲ್ಲಾಡಳಿತ 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ತರಗತಿ ಶುರು ಮಾಡಿತು. 2024ರಲ್ಲಿ ಆ ರಾಜ್ಯದ 5 ಮತ್ತು 7ನೇ ತರಗತಿಯ ಐಸಿಟಿ ಪಠ್ಯಕ್ಕೇ ಸುದ್ದಿ ಪರಿಶೀಲನೆ ಸೇರಿತು. ಅದೇ 2018ರ ಮೇನಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ, ಮಕ್ಕಳ ಕಳ್ಳ ಎಂಬ ವಾಟ್ಸಾಪ್ ವದಂತಿ ನಂಬಿದ ಗುಂಪು ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದಿತ್ತು.

ಆದರೆ ಸುಳ್ಳು ಹಿಡಿಯುವುದಷ್ಟೇ ಪತ್ರಿಕೋದ್ಯಮ ಅಲ್ಲ. ಬೀದಿಗೆ ಹೋಗಿ, ಕೇಳಿ, ಬರೆದುಕೊಂಡು ಬರಬೇಕು. ನಮ್ಮಲ್ಲಿ ಏನಾಗುತ್ತಿದೆ? ‘ನಿಮ್ಮನ್ನು ಜಯನಗರದ ನಿವಾಸಿ ಎಂದು ಭಾವಿಸಿ, ರಸ್ತೆ ದುರಸ್ತಿಗಾಗಿ ಪತ್ರ ಬರೆಯಿರಿ.’ ಜಯನಗರದಲ್ಲೇ ಇರುವ ಹುಡುಗಿ ಜಯನಗರದವಳೆಂದು ಭಾವಿಸಿಕೊಂಡು, ಎಂದೂ ಪೋಸ್ಟ್ ಆಗದ ಪತ್ರ ಬರೆದು ಮಾರ್ಕ್ಸ್ ತಗೋತಾಳೆ!

ಪಾಠಕ್ಕೆ ಬೇಕಾದ್ದೆಲ್ಲ ನಡೆದು ಹೋಗುವ ದೂರದಲ್ಲೇ ಇದೆ. 2023ರ ಮೇ 13ರಂದು ಜಯನಗರದ ಮತ ಎಣಿಕೆ ತಡರಾತ್ರಿವರೆಗೆ ಎಳೆದು, ಕೊನೆಗೆ ಸಿ.ಕೆ. ರಾಮಮೂರ್ತಿ ಕೇವಲ 16 ಮತಗಳಿಂದ ಸೌಮ್ಯಾ ರೆಡ್ಡಿ ಎದುರು ಗೆದ್ದರು. ‘ಮುನ್ನಡೆ’ಗೂ ‘ಗೆಲುವಿ’ಗೂ ವ್ಯತ್ಯಾಸ ಕಲಿಸಲು ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ? 2020ರ ಸೆಪ್ಟೆಂಬರ್‌ನಲ್ಲಿ ಕಾರ್ಪೊರೇಟರ್‌ಗಳ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಾಗಾದರೆ ಬನಶಂಕರಿಯ ಕಸಕ್ಕೆ ಯಾರನ್ನು ಕೇಳಬೇಕು? ಇದು ಒಂದು ವರದಿ. ಮಾಹಿತಿ ಹಕ್ಕು ಕಾಯ್ದೆ ‘ನಾಗರಿಕರು’ ಅನ್ನುತ್ತದೆಯೇ ಹೊರತು 18 ವರ್ಷ ಆಗಿರಬೇಕು ಅನ್ನುವುದಿಲ್ಲ. ಗಾಂಧೀಜಿಗೆ ‘ರಾಷ್ಟ್ರಪಿತ’ ಬಿರುದು ಕೊಟ್ಟ ಆದೇಶ ಎಲ್ಲಿದೆ ಎಂದು 2012ರಲ್ಲಿ ಅರ್ಜಿ ಹಾಕಿದ ಲಖನೌದ ಬಾಲಕಿಗೆ 10 ವರ್ಷ. ಅಂಥ ದಾಖಲೆ ಇಲ್ಲ ಎಂದು ಸರ್ಕಾರ ಉತ್ತರಿಸಬೇಕಾಯಿತು.

ನಿಜವಾದ ತೊಡಕು ಶಾಲೆಯ ಕಾಂಪೌಂಡ್ ಒಳಗಿದೆ. ಆ್ಯನುಯಲ್ ಡೇ ಫೋಟೋ, ರ‍್ಯಾಂಕ್ ಬಂದವರ ಪಟ್ಟಿ ಇರುವ ಮ್ಯಾಗಝೀನ್ ಎಲ್ಲ ಮ್ಯಾನೇಜ್‌ಮೆಂಟಿಗೂ ಇಷ್ಟ. ಶೌಚಾಲಯಕ್ಕೆ ನೀರಿಲ್ಲ, ಫೀಸ್ ಯಾಕೆ ಏರಿತು ಎಂದು ಅದೇ ಮಕ್ಕಳು ಬರೆದರೆ? ಅಮೆರಿಕದ ಕಾನ್ಸಸ್‌ನ ಪಿಟ್ಸ್‌ಬರ್ಗ್ ಹೈಸ್ಕೂಲಿನ ವಿದ್ಯಾರ್ಥಿ ಪತ್ರಿಕೆ 2017ರಲ್ಲಿ ಹೊಸ ಪ್ರಿನ್ಸಿಪಾಲರ ಪದವಿಗಳನ್ನೇ ಪರಿಶೀಲಿಸಿ ಪ್ರಶ್ನೆ ಎತ್ತಿತು. ಅವರು ರಾಜೀನಾಮೆ ಕೊಟ್ಟರು. ಆ ಮಕ್ಕಳ ಬೆನ್ನಿಗೆ ಒಬ್ಬ ಶಿಕ್ಷಕಿ ಇದ್ದರು, ವಿದ್ಯಾರ್ಥಿ ಪತ್ರಿಕೆಗಳನ್ನು ಕಾಯುವ 1992ರ ರಾಜ್ಯ ಕಾನೂನೂ ಇತ್ತು.

ಆದ್ದರಿಂದ ಬೇಡಿಕೆ ಎರಡು. ಎಂಟನೇ ತರಗತಿಯಿಂದ ವಾರಕ್ಕೊಂದು ವರದಿಗಾರಿಕೆ ಪೀರಿಯಡ್. ಬರೆದ ಮಗುವಿಗೂ ಬರೆಸಿದ ಮೇಷ್ಟ್ರಿಗೂ ತೊಂದರೆ ಆಗದಂತೆ ಲಿಖಿತ ರಕ್ಷಣೆ. ಎರಡನೆಯದು ಇಲ್ಲದೆ ಮೊದಲನೆಯದು ಬಂದರೆ, ಅದೂ ಇನ್ನೊಂದು ‘ಎಂದು ಭಾವಿಸಿ ಬರೆಯಿರಿ’ ಪ್ರಶ್ನೆ ಅಷ್ಟೇ.