ಆಗೊಮ್ಮೆ ಈಗೊಮ್ಮೆ ಕೈಕೊಡುವ ಗೇರು

ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರೊಬ್ಬರು ಗಡಿಯಾಚೆಯ ಕೇರಳದ ವ್ಯಾಪಾರಿಯೊಬ್ಬನಿಂದ ಎಂಟು ವರ್ಷ ಓಡಿದ್ದ ಆಟೋಮ್ಯಾಟಿಕ್ ಗೇರಿನ ಕಾರೊಂದನ್ನು ನಾಲ್ಕೂವರೆ ಲಕ್ಷ ರೂಪಾಯಿಗೆ ಕೊಂಡರು. ಶೋಕಿಗಾಗಿ ಕೊಂಡದ್ದಲ್ಲ. ಎಡ ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಳಿಕ ಅವರಿಗೆ ಕ್ಲಚ್ ತುಳಿಯುವುದು ಅಸಾಧ್ಯವಾಗಿತ್ತು. ಆದರೆ ವಾರಕ್ಕೆರಡು ಬಾರಿ ಲೋವರ್ ಕ್ಯಾಂಪಿನಿಂದ ಕುಮಿಳಿ ಘಾಟಿಯನ್ನೇರಿ, ಇಡುಕ್ಕಿಯ ಕಡೆ ಇರುವ ತಮ್ಮ ಏಲಕ್ಕಿ ತೋಟವನ್ನು ನೋಡಿಬರಬೇಕಾಗಿತ್ತು. ಈ ಎರಡು ಸಂಗತಿಗಳನ್ನೂ ಅವರು ವ್ಯಾಪಾರಿಗೆ ವಾಟ್ಸಾಪಿನಲ್ಲಿ ಮೊದಲೇ ತಿಳಿಸಿದ್ದರು. ‘ಗೇರ್‌ಬಾಕ್ಸಿನಲ್ಲಿ ಯಾವ ದೂರೂ ಇಲ್ಲ, ಘಾಟಿ ಧಾರಾಳವಾಗಿ ಏರುತ್ತದೆ’ ಎಂಬ ಉತ್ತರ ಬಂದಿತ್ತು. ಈ ಪುಟ್ಟ ಸಂದೇಶಕ್ಕೆ ಮುಂದೆ ಎಷ್ಟು ಬೆಲೆ ಬಂದೀತೆಂಬುದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಮೂರನೆಯ ವಾರ ಘಾಟಿಯ ನಡುಮಧ್ಯೆ ಕಾರು ನಿಂತಿತು. ಎಂಜಿನ್ ಗರ್ಜಿಸುತ್ತಿದೆ, ಚಕ್ರ ಉರುಳುತ್ತಿಲ್ಲ. ಹಿಂದೆ ಲಾರಿಗಳ ಸಾಲು. ಪಕ್ಕದಲ್ಲಿದ್ದ ಹೆಂಡತಿ ಇಳಿದು ಹಿಂಚಕ್ರಕ್ಕೆ ಕಲ್ಲು ಕೊಟ್ಟರು. ಹದಿನೈದು ನಿಮಿಷ ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಕಾರು ಮೇಲೇರಿತು. ಮರುದಿನ ಕಂಬಂನ ಮೆಕ್ಯಾನಿಕ್ ಊರೆಲ್ಲ ಸುತ್ತಿಸಿ ನೋಡಿದರೂ ದೋಷ ಕಾಣಲಿಲ್ಲ. ಒಂಬತ್ತು ದಿನ ಸುಮ್ಮನಿದ್ದು ಹತ್ತನೆಯ ದಿನ ಮತ್ತೆ ಅದೇ ತಿರುವಿನ ಬಳಿ ಅದೇ ಕಥೆ. ವ್ಯಾಪಾರಿಗೆ ಫೋನ್ ಮಾಡಿದರೆ, ‘ನಿಮಗೆ ಆಟೋಮ್ಯಾಟಿಕ್ ಓಡಿಸಿ ಅಭ್ಯಾಸವಿಲ್ಲ’ ಎಂಬ ಮಾತು.

ಈ ಉತ್ತರ ಹೊಸದಲ್ಲ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಕಂಪನಿಯ ಪವರ್‌ಶಿಫ್ಟ್ ಗೇರ್‌ಬಾಕ್ಸಿನ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳು ನಡುಗುತ್ತವೆ ಎಂದು ಗ್ರಾಹಕರು ದೂರಿದಾಗಲೂ, ಅದು ಓಡಿಸುವವರ ರೀತಿಯಿಂದಾದದ್ದು ಎಂದು ಹಲವರಿಗೆ ಹೇಳಿ ಕಳುಹಿಸಲಾಗಿತ್ತು. ಅಲ್ಲಿನ ಫೆಡರಲ್ ನ್ಯಾಯಾಲಯವು 2018ರಲ್ಲಿ ಆ ನಡವಳಿಕೆಗಾಗಿ ಕಂಪನಿಗೆ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ಅಷ್ಟು ದೊಡ್ಡ ಸಂಸ್ಥೆಯೇ ಆಡಿದ ಮಾತನ್ನು ಹಳೆಯ ಕಾರಿನ ವ್ಯಾಪಾರಿ ಆಡಿದರೆ ಅಚ್ಚರಿಯೇನಿಲ್ಲ.

ಸದಾ ಇರುವ ದೋಷಕ್ಕಿಂತ ಬಂದುಹೋಗುವ ದೋಷ ಏಕೆ ಕಠಿಣವೆಂಬುದನ್ನು ಸ್ವಲ್ಪ ನೋಡಬೇಕು. ಸಾಂಪ್ರದಾಯಿಕ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಎಂಜಿನಿನ ಬಲವನ್ನು ಚಕ್ರದತ್ತ ಒಯ್ಯುವ ಕೆಲಸದಲ್ಲಿ ಎಣ್ಣೆಗೆ ಬಹುದೊಡ್ಡ ಪಾಲಿದೆ. ಪಂಪು ಆ ಎಣ್ಣೆಗೆ ಒತ್ತಡ ಕೊಡುತ್ತದೆ. ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳು ಅದನ್ನು ಬೇಕಾದ ಕ್ಲಚ್ಚಿಗೆ ಹರಿಸುತ್ತವೆ. ಯಾವಾಗ ಹರಿಸಬೇಕೆಂಬುದನ್ನು ಸೆನ್ಸರುಗಳ ಮಾತು ಕೇಳಿ ಪುಟ್ಟ ಕಂಪ್ಯೂಟರೊಂದು ತೀರ್ಮಾನಿಸುತ್ತದೆ. ಏರಿನಲ್ಲಿ ಎಣ್ಣೆ ಬಿಸಿಯಾಗಿ ತೆಳ್ಳಗಾಗುತ್ತದೆ. ಮಟ್ಟ ಕಡಿಮೆಯಿದ್ದರೆ ಪಂಪು ಗಾಳಿಯನ್ನೂ ಎಳೆದು ಒತ್ತಡ ಬೀಳುತ್ತದೆ. ಸವೆದ ಸೊಲೆನಾಯ್ಡೋ ಸಡಿಲವಾದ ವೈರಿನ ಕನೆಕ್ಟರೋ ತಣ್ಣಗಿರುವಾಗ ಸರಿಯಾಗಿದ್ದು ಕಾಯ್ದಾಗ ಮಾತ್ರ ಕೈಕೊಡಬಹುದು. ಬ್ಯಾಟರಿ ದುರ್ಬಲವಾದರೂ ಕಂಪ್ಯೂಟರು ತಪ್ಪು ತಿಳಿಯುವುದುಂಟು. ಆದುದರಿಂದ ಸಮತಟ್ಟಾದ ರಸ್ತೆಯಲ್ಲಿ ಹತ್ತು ಕಿಲೋಮೀಟರು ಓಡಿಸಿ ‘ಚೆನ್ನಾಗಿದೆ’ ಎನ್ನುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ಕಾರು ಚೆನ್ನಾಗಿಯೇ ಇದೆ.

ಎಲ್ಲ ಆಟೋಮ್ಯಾಟಿಕ್‌ಗಳೂ ಒಂದೇ ಬಗೆಯವಲ್ಲ ಎಂಬುದನ್ನೂ ನೆನಪಿಡಬೇಕು. 2014ರಲ್ಲಿ ಸೆಲೆರಿಯೊ ಕಾರಿನೊಂದಿಗೆ ನಮ್ಮ ದೇಶದಲ್ಲಿ ಬಳಕೆಗೆ ಬಂದ ಎಎಮ್‌ಟಿ ಎಂಬುದು ಸಾಮಾನ್ಯ ಗೇರ್‌ಬಾಕ್ಸೇ. ಕಾಲಿನ ಬದಲು ಯಂತ್ರ ಕ್ಲಚ್ ತುಳಿಯುತ್ತದೆ, ಅಷ್ಟೆ. ಅದರ ರೋಗವೂ ಮದ್ದೂ ಬೇರೆ. ತಮ್ಮ ಕಾರಿನದು ಯಾವ ಬಗೆಯೆಂದು ತಿಳಿಯದೆ ಎಣ್ಣೆ ಬದಲಿಸಲು ಹೊರಡುವುದು ಹಣ ಕಳೆಯುವ ದಾರಿ.

ಇಂಥ ದೋಷಕ್ಕೆ ಸಾಕ್ಷಿ ಕಾರಿನೊಳಗೇ ಇರುತ್ತದೆ. ತಪ್ಪು ಕಂಡ ಕ್ಷಣದಲ್ಲಿ ಕಂಪ್ಯೂಟರು ಒಂದು ಸಂಕೇತವನ್ನು ದಾಖಲಿಸಿಕೊಳ್ಳುತ್ತದೆ. ಎಷ್ಟೋ ವೇಳೆ ಆಗಿನ ವೇಗ, ಎಂಜಿನಿನ ಸುತ್ತು, ಕಾವುಗಳನ್ನೂ ಬರೆದಿಡುತ್ತದೆ. ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿ ಅದನ್ನು ಓದಬಹುದು. ಆದರೆ ಒಳ್ಳೆಯ ಮನಸ್ಸಿನ ಮೆಕ್ಯಾನಿಕ್ಕುಗಳು ಮಾಡುವ ಮೊದಲ ಕೆಲಸವೇ ಆ ಸಂಕೇತವನ್ನು ಅಳಿಸಿ, ‘ದೀಪ ಆರಿತು ನೋಡಿ’ ಎನ್ನುವುದು. ಕೆಲವು ಕಾರುಗಳಲ್ಲಿ ಬ್ಯಾಟರಿಯ ತಂತಿ ಬಿಚ್ಚಿದರೂ ದಾಖಲೆ ಹೋಗುತ್ತದೆ. ಕಾನೂನಿನ ದೃಷ್ಟಿಯಿಂದ ಇದು ಸಾಕ್ಷಿಯ ಕೊರಳು ಹಿಸುಕಿದಂತೆ. ಮೊದಲು ಓದಿಸಿ, ದಿನಾಂಕ ಕಾಣುವಂತೆ ಅಚ್ಚು ಹಾಕಿಸಿ, ಗ್ಯಾರೇಜಿನ ಮುದ್ರೆಯೊತ್ತಿಸಿದ ಮೇಲೆಯೇ ಅಳಿಸಲು ಬಿಡಬೇಕು. ಮಾರಿದವನಿಗೆ ಲಿಖಿತವಾಗಿ ತಿಳಿಸಿ, ಬಂದು ನೋಡಲು ಅವಕಾಶ ಕೊಡುವ ಮೊದಲು ಗೇರ್‌ಬಾಕ್ಸನ್ನು ಬಿಚ್ಚಿಸಲೂ ಬಾರದು. ಬಿಚ್ಚಿದ ಮೇಲೆ, ‘ಕೆಡಿಸಿದವನು ನಿಮ್ಮ ಮೆಕ್ಯಾನಿಕ್ಕೇ’ ಎಂಬ ವಾದಕ್ಕೆ ಉತ್ತರ ಹೇಳುವುದು ಬಹಳ ಕಷ್ಟ.

ಬೆಳೆಗಾರರ ಹೆಂಡತಿ ತಾಳವಾಡಿಯವರು, ಅಲ್ಲಿನ ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿದವರು. ದಿಂಬಂನ ಇಪ್ಪತ್ತೇಳು ತಿರುವುಗಳಲ್ಲಿ ಬಸ್ಸು ಹತ್ತಿಳಿದು ಬೆಳೆದ ಅವರಿಗೆ ಘಾಟಿಯಲ್ಲಿ ನಿಂತ ಗಾಡಿ ಎಂದರೇನೆಂಬುದು ಗೊತ್ತು. ‘ರೀ, ಬಾಯಿಮಾತು ಬೇಡ, ನಾನು ಬರೆದಿಡುತ್ತೇನೆ’ ಎಂದು ಮಗಳ ಹಳೆಯ ನೋಟ್‌ಬುಕ್ಕೊಂದನ್ನು ಕಾರಿನಲ್ಲಿಟ್ಟರು. ದಿನಾಂಕ, ಸಮಯ, ಮೀಟರಿನ ಅಂಕೆ, ನಿಂತ ಜಾಗ, ಎಷ್ಟು ದೂರ ಏರಿದ್ದರು, ಬಿಸಿಲೋ ಮಳೆಯೋ, ಎಷ್ಟು ಹೊತ್ತು ತಣಿಸಿದರು, ಎಲ್ಲವನ್ನೂ ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯತೊಡಗಿದರು. ಆರು ಬಾರಿಯ ದಾಖಲೆ ಸೇರಿದಾಗ ಯಾವ ಪರೀಕ್ಷೆಗೂ ಸಿಗದ ಸಂಗತಿ ಕಣ್ಣಿಗೆ ಬಿತ್ತು: ಆರೂ ಬಾರಿ ಕಾರು ನಿಂತದ್ದು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಏರಿದ ಮೇಲೆ. ಆ ಪುಸ್ತಕವನ್ನು ನೋಡಿದ ಮದುರೈಯ ತಜ್ಞ ಮೆಕ್ಯಾನಿಕ್, ಕಾರನ್ನು ಊರಿನಲ್ಲಿ ಸುತ್ತಿಸದೆ, ಸ್ಕ್ಯಾನರ್ ಜೋಡಿಸಿಕೊಂಡೇ ಘಾಟಿಯನ್ನೇರಿಸಿದರು. ಎಣ್ಣೆ ಕಾಯ್ದಂತೆ ಸೊಲೆನಾಯ್ಡೊಂದರ ವಿದ್ಯುತ್ ಹಾದಿ ಕಡಿಯುತ್ತಿದ್ದುದು ದಾಖಲಾಯಿತು. ಕನೆಕ್ಟರಿನೊಳಗೆ ಎಣ್ಣೆ ಜಿನುಗಿತ್ತು. ಹಿಂದೊಮ್ಮೆ ಯಾರೋ ಅದನ್ನು ಬಿಚ್ಚಿ ಟೇಪು ಸುತ್ತಿದ್ದ ಗುರುತೂ ಇತ್ತು.

ಇನ್ನು ಕಾನೂನಿನ ಮಾತು. 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಕೊಳ್ಳುವವನೇ ಎಚ್ಚರದಿಂದಿರಬೇಕೆಂಬುದು ಸಾಮಾನ್ಯ ನಿಯಮ. ಆದರೆ ಕೊಳ್ಳುವವನು ತನ್ನ ಉದ್ದೇಶವನ್ನು ತಿಳಿಸಿ ಮಾರುವವನ ಪರಿಣತಿಯನ್ನು ನಂಬಿದ್ದರೆ, ಮಾರುವವನ ಕಸುಬೂ ಅದೇ ಆಗಿದ್ದರೆ, ಸರಕು ಆ ಉದ್ದೇಶಕ್ಕೆ ತಕ್ಕುದಾಗಿರಬೇಕೆಂಬ ಷರತ್ತು ಹೇಳದೆಯೇ ಇರುತ್ತದೆ. ಘಾಟಿಯೇರಲೆಂದೇ ಕಾರು ಬೇಕೆಂದ ವಾಟ್ಸಾಪ್ ಸಂದೇಶದ ಬೆಲೆ ಇಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ವ್ಯಾಪಾರಿ ಹೇಳಿಕೊಂಡ ಗುಣಮಟ್ಟಕ್ಕೆ ಸರಕು ಇಳಿದಿಲ್ಲವಾದರೆ ಅದನ್ನು ದೋಷವೆಂದೇ ಕರೆಯುತ್ತದೆ. ಆದರೆ ನೆರೆಮನೆಯವರಿಂದಲೋ ನೆಂಟರಿಂದಲೋ ಕಾರು ಕೊಂಡವರಿಗೆ ಗ್ರಾಹಕ ಆಯೋಗದ ಬಾಗಿಲು ತೆರೆಯದು. ಅವರು ಕರಾರು ಕಾಯ್ದೆಯಡಿ ವಂಚನೆಯನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕು. ನೆಂಟರಿಂದ ಕಾರು ಕೊಳ್ಳುವುದು ಅಗ್ಗವೆನ್ನುವವರು ಇದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಲಿ.

ವ್ಯಾಪಾರಿ ಕೇರಳದಲ್ಲಿದ್ದರೂ ದೂರನ್ನು ತೇನಿಯ ಜಿಲ್ಲಾ ಆಯೋಗದಲ್ಲಿಯೇ ಸಲ್ಲಿಸಬಹುದು. ದೂರುದಾರನ ವಾಸಸ್ಥಳವೇ ಸಾಕೆಂದು 34ನೆಯ ಕಲಮು ಹೇಳುತ್ತದೆ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾಲಮಿತಿ ಎರಡು ವರ್ಷ. ಪರೀಕ್ಷೆಯಿಲ್ಲದೆ ದೋಷ ತಿಳಿಯದೆಂದಾದರೆ ಆಯೋಗವು 38ನೆಯ ಕಲಮಿನಡಿ ಸರಕನ್ನು ಪ್ರಯೋಗಾಲಯಕ್ಕೆ ಕಳುಹಿಸಬಹುದು. ಇದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದರೆ ಒಂದು ದಾಖಲೆಯಂತೂ ಹುಟ್ಟುತ್ತದೆ.

ಇಡೀ ಕಾರಿನ ಬೆಲೆಯೇ ವಾಪಸು ಬರಬೇಕೆಂಬ ಹಟ ಮಾತ್ರ ಎಲ್ಲ ಸಂದರ್ಭಗಳಲ್ಲೂ ಫಲಿಸದು. ಹೊಸ ಕಾರಿನ ಒಂದು ಪ್ರಕರಣದಲ್ಲಿಯೇ, 2006ರ ಮಾರುತಿ ಉದ್ಯೋಗ್ ತೀರ್ಪಿನಲ್ಲಿ, ವಾರಂಟಿಯ ಹೊಣೆ ಕೆಟ್ಟ ಭಾಗವನ್ನು ಸರಿಪಡಿಸುವುದು ಅಥವಾ ಬದಲಿಸುವುದು, ಕಾರನ್ನೇ ಬದಲಿಸುವುದಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದೆ. ದುರಸ್ತಿಯ ಖರ್ಚು, ಕಾರನ್ನು ಸಾಗಿಸಿದ ಖರ್ಚು, ಕಳೆದ ದಿನಗಳ ಪರಿಹಾರ, ಇಷ್ಟನ್ನು ಲೆಕ್ಕವಿಟ್ಟು ಕೇಳುವವರ ಮಾತಿಗೆ ತೂಕ ಹೆಚ್ಚು.

ಬೆಳೆಗಾರರ ಪ್ರಕರಣದಲ್ಲಿ ತೊಡಕಾಗಿದ್ದುದು ರಸೀದಿ. ಮಲಯಾಳದಲ್ಲಿ ಅಚ್ಚಾಗಿದ್ದ ಅದರ ಕೊನೆಯ ಸಾಲು ‘ಇದ್ದ ಸ್ಥಿತಿಯಲ್ಲಿಯೇ ಮಾರಲಾಗಿದೆ’ ಎಂದಿತ್ತು. ಓದಲು ಬಾರದ ಕಾಗದಕ್ಕೆ ಅವರು ಸಹಿ ಮಾಡಿದ್ದರು. ಮನೆಯಲ್ಲೊಂದು ನುಡಿ, ಊರಿನಲ್ಲೊಂದು, ಗಡಿಯಾಚೆ ಮತ್ತೊಂದು ಎಂಬ ಬಾಳು ನಮ್ಮದು. ಬಾಯಲ್ಲಿ ಮೂರೂ ಸಲೀಸು, ಕಾಗದದಲ್ಲಿ ಎರಡು ಕತ್ತಲೆ. ಬಾರದ ಭಾಷೆಯದೆಂಬ ಕಾರಣಕ್ಕೆ ಸಹಿ ರದ್ದಾಗುವುದಿಲ್ಲ. ಅಂಥ ಸಾಲು ಕೊಳ್ಳುವವನ ಹಕ್ಕನ್ನು ಕುಗ್ಗಿಸುವುದು ನಿಜವಾದರೂ ತಿಳಿದೂ ಆಡಿದ ಸುಳ್ಳಿಗೆ ಮರೆಯಾಗಲಾರದು. ‘ಯಾವ ದೂರೂ ಇಲ್ಲ’ ಎಂಬ ಸಂದೇಶ ಒಂದು ಕಡೆ, ಸುತ್ತಿದ ಟೇಪು ಇನ್ನೊಂದು ಕಡೆ ಇದ್ದಾಗ ಆ ಸಾಲಿನ ಬಲ ಕುಂದಿತು.

ನೋಟೀಸು ಹೋಯಿತು. ಜೊತೆಗೆ ಸ್ಕ್ಯಾನಿನ ಪ್ರತಿ, ಕನೆಕ್ಟರಿನ ಚಿತ್ರ, ಸಂದೇಶಗಳ ಅಚ್ಚು, ಕನ್ನಡ ನೋಟ್‌ಬುಕ್ಕಿನ ಪುಟಗಳು, ಅವುಗಳ ಇಂಗ್ಲಿಷ್ ಅನುವಾದ. ಹೆಂಡತಿಯ ಬರಹ ಆಯೋಗದಲ್ಲಿ ನಡೆಯುವುದೇ ಎಂದು ಮನೆಯವರಿಗೆ ಅಳುಕಿತ್ತು. ಆಯೋಗವು ಪ್ರಮಾಣಪತ್ರ ಮತ್ತು ದಾಖಲೆಗಳ ಮೇಲೆ ವಿಚಾರಣೆ ನಡೆಸುತ್ತದೆ. ಬರೆದವರೇ ಪ್ರಮಾಣ ಮಾಡಿ ಅನುವಾದವನ್ನು ಲಗತ್ತಿಸಿದರೆ ಕನ್ನಡದ ಟಿಪ್ಪಣಿಗೂ ಅಲ್ಲಿ ಸ್ಥಾನವಿದೆ. ಆದರೆ ಅಲ್ಲಿಯವರೆಗೆ ಹೋಗಬೇಕಾಗಲಿಲ್ಲ. ಮೂರನೆಯ ವಾರ ವ್ಯಾಪಾರಿ ತಾನೇ ಕಂಬಂಗೆ ಬಂದ. ಬಿಡಿಭಾಗಗಳ ಬೆಲೆ ಮತ್ತು ಕಾರನ್ನು ಮದುರೈಗೆ ಸಾಗಿಸಿದ ಲಾರಿಯ ಬಾಡಿಗೆ ಅವನದು, ಕೂಲಿ ಬೆಳೆಗಾರರದು ಎಂದು ಒಪ್ಪಂದವಾಯಿತು. ಬಾಡಿಗೆಯ ಬಗ್ಗೆ ಅವನು ತಕರಾರು ತೆಗೆದಿದ್ದ, ಹಗ್ಗ ಕಟ್ಟಿ ಎಳೆಸಬಹುದಿತ್ತಲ್ಲ ಎಂದು. ಎಂಜಿನ್ ಓಡದಿರುವಾಗ ಪಂಪು ಎಣ್ಣೆ ಹರಿಸುವುದಿಲ್ಲ. ಚಾಲಕ ಚಕ್ರಗಳನ್ನು ನೆಲಕ್ಕೆ ತಾಗಿಸಿ ಎಳೆದರೆ ಒಣಗಿದ ಗೇರ್‌ಬಾಕ್ಸ್ ಪೂರ್ತಿ ಹಾಳಾಗುತ್ತದೆ ಎಂದು ಮೆಕ್ಯಾನಿಕ್ ಬರೆದುಕೊಟ್ಟ ಮೇಲೆ ಸುಮ್ಮನಾದ.

ಒಪ್ಪಂದದ ಕಾಗದ ತಮಿಳಿನಲ್ಲಿ ಸಿದ್ಧವಾಯಿತು. ಬೆಳೆಗಾರರ ಹೆಂಡತಿ ಅದನ್ನು ಎರಡು ಬಾರಿ ಗಟ್ಟಿಯಾಗಿ ಓದಿಸಿ, ಕಾರಿನ ವರ್ಗಾವಣೆಗೆ ಬೇಕಾದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರವನ್ನು ತರಿಸಿಕೊಡುವ ಮಾತು ಅದರಲ್ಲಿಲ್ಲವೆಂಬುದನ್ನು ಗುರುತಿಸಿ ಸೇರಿಸಿದರು. ಕಾರು ಇನ್ನೂ ಕೇರಳದ ನೋಂದಣಿಯಲ್ಲಿಯೇ ಇತ್ತು. ಗೇರಿನ ಗಲಾಟೆಯಲ್ಲಿ ಉಳಿದವರೆಲ್ಲರೂ ಅದನ್ನು ಮರೆತಿದ್ದರು.